ಹೆಚ್ಚ್ಯಾವ

ತಂಬ್ರಹಳ್ಳಿಯಲ್ಲಿ ಯಾರಾದರೂ ದ್ಯಾಮಕ್ಕನ ಮಗಳನ್ನು ಹೊಟ್ಟೆಬಾಕಿ ಅಂದರೆ ಈಗಲೂ ನನ್ನ ಬಾಯಿ ಸುಮ್ಮನಿರುವುದಿಲ್ಲ. ಸತ್ತವರ ಬಗ್ಗೆ ಹಾಗೆ ಆಡಬಾರದು ಎಂದು ಮೆಲ್ಲಗೆ ತಿಳಿಹೇಳುವ ಗುಣ ನನ್ನದಲ್ಲ. ಎದುರಿಗಿದ್ದವರ ಮನೆತನವನ್ನೆಲ್ಲ ಬೀದಿಗೆ ತಂದುಬಿಡುತ್ತೇನೆ. ಇಪ್ಪತ್ತಾರು ವರ್ಷ ಅಂಗನವಾಡಿ ನಡೆಸಿದವಳಿಗೆ ಯಾರ ಮನೆಯ ಒಲೆ ಎಷ್ಟು ಉರಿಯುತ್ತದೆ ಎಂದು ಚೆನ್ನಾಗಿ ಗೊತ್ತಿರುತ್ತದೆ. ನನ್ನ ಹೆಸರು ಶಿವಲೀಲಾ, ಊರಿಗೆ ಲೀಲಾ ಟೀಚರು. ಬೆನ್ನ ಹಿಂದೆ ಇನ್ನೊಂದು ಹೆಸರಿದೆಯಂತೆ. ಅದನ್ನು ನನ್ನೆದುರು ಹೇಳುವ ಎದೆ ಯಾರಿಗೂ ಇಲ್ಲ.

ದ್ಯಾಮಕ್ಕ ನಮ್ಮೂರ ನೀರುಗಂಟಿ. ಬೆಳಿಗ್ಗೆ ಆರಕ್ಕೆ ಮೋಟಾರು ಹಾಕಿ, ಮೇಲಿನ ಟ್ಯಾಂಕ್ ತುಂಬಿಸಿ, ಓಣಿಗೊಂದರಂತೆ ವಾಲ್ವ್ ತಿರುವಿ ಊರಿಗೆಲ್ಲ ನೀರು ಬಿಡುವ ಕೆಲಸ. ಮೊದಲು ಅದನ್ನು ಅವಳ ಗಂಡ ಗಾದಿಲಿಂಗ ಮಾಡುತ್ತಿದ್ದ. ಒಂದು ದಿನ ಕೆಳಗಿನ ಓಣಿಯ ವಾಲ್ವ್ ಗುಂಡಿಗೆ ಕೈ ಹಾಕಿದವನಿಗೆ ಒಳಗಿದ್ದ ಹಾವು ಕಡಿಯಿತು, ಉಳಿಯಲಿಲ್ಲ. ಪಂಚಾಯಿತಿಯವರು ಆ ಕೆಲಸವನ್ನು ದ್ಯಾಮಕ್ಕನಿಗೆ ಕೊಟ್ಟರು. ಹೆಣ್ಣು ನೀರುಗಂಟಿಯಾ ಎಂದು ನಕ್ಕವರು ನಾಲ್ಕೇ ದಿನಕ್ಕೆ ನಗು ನಿಲ್ಲಿಸಿದರು, ಏಕೆಂದರೆ ಗಾದಿಲಿಂಗನ ಕಾಲದಲ್ಲಿ ಎಂಟಕ್ಕೆ ಬರುತ್ತಿದ್ದ ನೀರು ಅವಳ ಕೈಯಲ್ಲಿ ಏಳಕ್ಕೇ ಬರತೊಡಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮನೆಯಲ್ಲಿ ಅಕ್ಕಿ ಮುಗಿದರೆ ಹೆಂಗಸರು 'ಅಕ್ಕಿ ಇಲ್ಲ' ಅನ್ನುವುದಿಲ್ಲ, 'ಅಕ್ಕಿ ಹೆಚ್ಚ್ಯಾವ' ಅನ್ನುತ್ತಾರೆ. ಬಳೆ ಒಡೆದರೂ 'ಬಳಿ ಹೆಚ್ಚಿತು' ಅಂತಲೇ. ಇಲ್ಲ ಇಲ್ಲ ಅಂತಿದ್ದರೆ ಅಸ್ತು ದೇವತೆಗಳು ಅಸ್ತು ಅಂದುಬಿಡುತ್ತಾರೆ ಎಂಬ ಹೆದರಿಕೆ. ಈಗಿನ ಹುಡುಗಿಯರು ಇದನ್ನೆಲ್ಲ ಬಿಟ್ಟಿದ್ದಾರೆ. ದ್ಯಾಮಕ್ಕ ಬಿಡಲಿಲ್ಲ. ಹಾವು ಕಡಿದ ದಿನ ಬೆಳಿಗ್ಗೆ ಗಾದಿಲಿಂಗ ತಲೆಗೆ ಎಣ್ಣೆ ಕೇಳಿದ್ದನಂತೆ. ಒಲೆಯ ಮುಂದೆ ಬೆವರುತ್ತಿದ್ದ ಇವಳು ಸಿಟ್ಟಿನಲ್ಲಿ "ಎಣ್ಣಿ ಇಲ್ಲ, ಹೋಗು" ಅಂದಿದ್ದಳು. ಮಧ್ಯಾಹ್ನ ಹೆಣದ ಮುಂದೆ ಕೂತ ಅತ್ತೆ ಉಚ್ಚಂಗೆಮ್ಮ ಎದೆ ಬಡಿದುಕೊಳ್ಳುತ್ತ, "ಇಲ್ಲ ಅಂದ್ಯಲ್ಲವ್ವಾ, ಇಲ್ಲಂಗ ಆತು ನೋಡು" ಎಂದು ನೂರು ಮಂದಿಯ ಮುಂದೆ ಕೂಗಿದಳು. ಆ ಮುದುಕಿಯೂ ಈಗ ಹೋಗಿದ್ದಾಳೆ. ಆದರೆ ಆ ದಿನದಿಂದ ದ್ಯಾಮಕ್ಕನ ಬಾಯಲ್ಲಿ 'ಇಲ್ಲ' ಅನ್ನುವ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಮೋಟಾರು ಸುಟ್ಟು ಮೂರು ದಿನ ನಲ್ಲಿ ಒಣಗಿದ್ದಾಗಲೂ, ಕೊಡ ಹಿಡಿದು ಜಗಳಕ್ಕೆ ಬಂದವರಿಗೆ "ನಾಳಿಗೆ ಬರ್ತೈತಿ ತಗೋರಿ" ಅನ್ನುತ್ತಿದ್ದಳು.

ಅವಳಿಗೆ ಇದ್ದದ್ದು ಒಬ್ಬಳೇ ಮಗಳು, ಮೈಲಮ್ಮ. ಮೈಲಾರಲಿಂಗನ ಒಕ್ಕಲು, ಅದಕ್ಕೇ ಆ ಹೆಸರು. ನಾವೆಲ್ಲ ಮೈಲವ್ವ ಎಂದು ಕರೆಯುತ್ತಿದ್ದೆವು. ನನ್ನ ಅಂಗನವಾಡಿಯಲ್ಲೇ ಬೆಳೆದ ಕೂಸು. ನಮ್ಮಲ್ಲಿ ಮಕ್ಕಳ ತೂಕ ಬರೆಯುವ ಪಟ್ಟಿಯಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ, ಹಸಿರೆಂದರೆ ಸರಿಯಾದ ತೂಕ. ಮೈಲವ್ವ ಯಾವಾಗಲೂ ಹಸಿರಿನಲ್ಲಿ ಕೂತಿರುತ್ತಿದ್ದಳು. ತನಗೆ ಕೊಟ್ಟ ಮೊಟ್ಟೆಯನ್ನು ಅರ್ಧ ತಿಂದು ಅರ್ಧ ಪಕ್ಕದವರಿಗೆ ಕೊಡುವ ಹುಡುಗಿ ಅವಳು. ಇದನ್ನು ಯಾಕೆ ಹೇಳುತ್ತೇನೆಂದರೆ, ಹುಟ್ಟು ಹೊಟ್ಟೆಬಾಕಿ ಅನ್ನುವವರ ಬಾಯಿಗೆ ಬೀಗ ಹಾಕಲಿಕ್ಕೆ.

ಒಂಬತ್ತನೇ ವರ್ಷಕ್ಕೆ ಅವಳಿಗೆ ತಲೆನೋವು ಶುರುವಾಯಿತು. ಬೆಳಿಗ್ಗೆ ಎದ್ದರೆ ವಾಂತಿ. ಉಂಡದ್ದು ನಿಲ್ಲದು. ಶಾಲೆಯಲ್ಲಿ ಬೋರ್ಡು ಕಾಣುವುದಿಲ್ಲ ಎಂದಳು. ದೃಷ್ಟಿ ತೆಗೆಸಿದ್ದಾಯಿತು, ಕನ್ನಡಕ ಹಾಕಿಸಿದ್ದಾಯಿತು. ಮೈಮೇಲೆ ಮೂಳೆ ಎದ್ದು ಕಂಡಾಗ ದ್ಯಾಮಕ್ಕ ಮೈಲಾರದ ದಿಕ್ಕಿಗೆ ಕೈ ಮುಗಿದು, "ನನ್ನ ಮಗಳು ಹಸಿವು ಅಂತ ಒಂದ ಸಲ ಅನ್ಲಿ ನಮ್ಮಪ್ಪಾ, ನಿನ್ನ ದೋಣಿ ತುಂಬಸ್ತೀನಿ" ಎಂದು ಹರಕೆ ಹೊತ್ತಳು. ದೋಣಿ ಅಂದರೆ ಮೈಲಾರಲಿಂಗನ ಗೊರವಯ್ಯಗಳ ಮರದ ಬೋಗುಣಿ. ಹರಕೆ ಹೊತ್ತವರು ಗೊರವರನ್ನು ಮನೆಗೆ ಕರೆದು ಅದನ್ನು ಹಾಲು, ಬಾಳೆಹಣ್ಣು, ಬೆಲ್ಲದಿಂದ ತುಂಬಿಸಬೇಕು. ಆಮೇಲೆ ಯಾರೋ ಪುಣ್ಯಾತ್ಮರು ದೂರದ ಊರಿನ ದೊಡ್ಡ ಆಸ್ಪತ್ರೆಗೆ ಹೋಗಿರೆಂದರು. ಓದಿದವಳೊಬ್ಬಳು ಜೊತೆಗಿರಲಿ ಎಂದು ನಾನೂ ಹೋದೆ. ಮಿದುಳಿನ ಬುಡದಲ್ಲಿ ಗಡ್ಡೆ. ಆಪರೇಷನ್ ಮಾಡಿ ತೆಗೆದರು. ಜೀವ ಉಳಿಯಿತು, ಕಣ್ಣೂ ಉಳಿಯಿತು.

ಎಂಟನೇ ದಿನ ಹಾಸಿಗೆಯ ಮೇಲೆ ಎದ್ದು ಕೂತ ಮೈಲವ್ವ, "ಅವ್ವಾ, ಹಸಿವು" ಅಂದಳು. ದ್ಯಾಮಕ್ಕ ವಾರ್ಡಿನಲ್ಲೇ ಬಿಕ್ಕಿಬಿಕ್ಕಿ ಅತ್ತಳು. ಊರಿಗೆ ಬಂದ ಮೇಲೆ ದೋಣಿ ತುಂಬಿಸಿದಳು. ಅಂಗಳದಲ್ಲಿ ಕರಿಕಂಬಳಿಯ ಗೊರವರು ಕೂತಿದ್ದಾಗ ಮೈಲವ್ವ ಒಳಗೆ ಹೋಳಿಗೆಯ ಮೇಲೆ ಹೋಳಿಗೆ ಉಣ್ಣುತ್ತಿದ್ದಳು. ಏಳೋ ಎಂಟೋ. "ಉಣ್ಲಿ ಬಿಡ್ರಿ, ವರ್ಷಗಟ್ಟಲೆ ಉಪಾಸ ಬಿದ್ದ ಜೀವ" ಎಂದು ನಾವೆಲ್ಲ ಬಡಿಸಿದ್ದೇ ಬಡಿಸಿದ್ದು. ನಾನೂ ಎರಡು ಹಾಕಿದೆ, ತುಪ್ಪ ಹಾಕಿ.

ಆರು ತಿಂಗಳಿಗೆ ಅವಳ ತೂಕ ದುಪ್ಪಟ್ಟಾಯಿತು. ಉಂಡು ಕೈ ತೊಳೆದು ಬಂದು ಮತ್ತೆ ತಟ್ಟೆ ಮುಂದಿಟ್ಟುಕೊಂಡು ಕೂರುತ್ತಿದ್ದಳು. ಕೊಡದಿದ್ದರೆ ಅಳು, ಆಮೇಲೆ ಕಿರುಚಾಟ, ಆಮೇಲೆ ಕಳವು. ಶಾಲೆಯ ಬಿಸಿಯೂಟದ ಪಾತ್ರೆಯಲ್ಲಿ ತಳ ಕೆರೆದು ತಿನ್ನುತ್ತಿದ್ದಳೆಂದು ಮಕ್ಕಳು ಅಣಕಿಸಿದರು, ಶಾಲೆ ಬಿಟ್ಟಳು. ಎದುರಿನ ಕಿರಾಣಿ ಅಂಗಡಿಯ ಯೂನುಸನಿಗೆ ದ್ಯಾಮಕ್ಕ ಕೈ ಮುಗಿದು, "ನನ್ನ ಮಗಳಿಗೆ ಒಂದು ಬಿಸ್ಕೀಟೂ ಕೊಡಬ್ಯಾಡಪ್ಪಾ" ಎಂದು ಹೇಳಿ ಬಂದಳು. ಅವನು ಕೊಡಲಿಲ್ಲ, ಒಳ್ಳೆಯವನು. ಒಂದು ಮಧ್ಯಾಹ್ನ ಮಗಳು ಕಾಣಿಸುತ್ತಿಲ್ಲವೆಂದು ಹುಡುಕಿದರೆ ದನದ ಕೊಟ್ಟಿಗೆಯಲ್ಲಿ ಕೂತಿದ್ದಳು. ಎಮ್ಮೆಗೆ ತಂದಿಟ್ಟ ಶೇಂಗಾ ಹಿಂಡಿಯನ್ನು ನೀರಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದಳು. ಅವ್ವನನ್ನು ನೋಡಿ ಕೈ ಹಿಂದೆ ಮುಚ್ಚಿಟ್ಟುಕೊಂಡಳು. ದ್ಯಾಮಕ್ಕ ಅವತ್ತು ಮಗಳನ್ನು ಪೊರಕೆಯಿಂದ ಹೊಡೆದಳು. ಹೊಡೆದು ನನ್ನ ಮನೆಗೆ ಬಂದು ತನ್ನ ಕೈಗೆ ತಾನೇ ಕಚ್ಚಿಕೊಂಡಳು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನಾನು ಡಾಕ್ಟರಮ್ಮನ ಮೇಲೆ ರೇಗಿದೆ. ಏನು ಆಪರೇಷನ್ ಮಾಡಿದಿರಿ, ಮಗುವನ್ನು ಬಕಾಸುರ ಮಾಡಿ ಕಳಿಸಿದಿರಿ ಅಂದೆ. ಆ ತಾಯಿ ಸಿಟ್ಟಾಗಲಿಲ್ಲ, ಕುರ್ಚಿ ಎಳೆದು ದ್ಯಾಮಕ್ಕನ ಎದುರು ಕೂತರು.

"ನೋಡಮ್ಮ, ಮೈಯಲ್ಲಿರೋ ಕೊಬ್ಬು ಸುಮ್ನೆ ಕೂತಿರಲ್ಲ. ನಾನು ಇಷ್ಟಿದೀನಿ, ಸಾಕಷ್ಟಿದೀನಿ ಅಂತ ರಕ್ತದಲ್ಲಿ ಮಿದುಳಿಗೆ ಸುದ್ದಿ ಕಳಿಸ್ತಾನೇ ಇರುತ್ತೆ. ಉಂಡ ಮೇಲೆ ಕರುಳೂ ಸುದ್ದಿ ಕಳಿಸುತ್ತೆ. ಆ ಸುದ್ದಿ ಕೇಳೋ ಜಾಗ ಮಿದುಳಿನ ಬುಡದಲ್ಲಿದೆ, ಒಂದು ಬಾದಾಮಿ ಬೀಜದಷ್ಟು. ಇವಳ ಗಡ್ಡೆ ಅದಕ್ಕೇ ಅಂಟಿಕೊಂಡಿತ್ತು. ಗಡ್ಡೆ ಹೋಯ್ತು, ಆ ಜಾಗವೂ ಕೆಟ್ಟುಹೋಯ್ತು. ಈಗ ಕೊಬ್ಬು ಎಷ್ಟೇ ಕೂಗಿದರೂ ಮಿದುಳಿಗೆ ಕೇಳಿಸ್ತಿಲ್ಲ. ಇವಳು ಉಪವಾಸ ಸಾಯ್ತಿದಾಳೆ ಅಂತಲೇ ಅದು ತಿಳಿದಿದೆ."

ನನಗೆ ಅರ್ಧ ತಿಳಿಯಿತು. ದ್ಯಾಮಕ್ಕನಿಗೆ ಪೂರ್ತಿ ತಿಳಿಯಿತು. ನಮ್ಮೂರ ಟ್ಯಾಂಕಿನೊಳಗೆ ತೇಲುವ ಡಬ್ಬಿಯೊಂದಿದೆ. ಅದಕ್ಕೆ ಕಟ್ಟಿದ ಹಗ್ಗ ಅಂಚು ದಾಟಿ ಹೊರಗೆ ಇಳಿಬಿದ್ದಿದೆ, ತುದಿಗೆ ಕೆಂಪು ಬಣ್ಣ ಬಳಿದ ಕಲ್ಲು. ಒಳಗೆ ನೀರು ಏರಿದಂತೆ ಹೊರಗೆ ಕಲ್ಲು ಇಳಿಯುತ್ತದೆ. ಕಲ್ಲು ಕೆಳಗಿದ್ದರೆ ಟ್ಯಾಂಕು ತುಂಬಿದೆ, ಮೇಲಿದ್ದರೆ ಖಾಲಿ. ಅವಳು ಅದನ್ನೇ ಹೇಳಿದಳು.

"ಹಗ್ಗ ಸಿಕ್ಕಿಬಿದ್ದೈತಿ ಅನ್ರಿ. ಟ್ಯಾಂಕಿ ತುಂಬಿ ಹರಿಯಾಕ ಹತ್ತಿದ್ರೂ ಕಲ್ಲು ಮ್ಯಾಲೇ ನಿಂತೈತಿ. ಕಲ್ಲು ನೋಡಿದ ನೀರುಗಂಟಿ ಮೋಟಾರ್ ಹಾಕೇ ಹಾಕ್ತಾನ."

ಡಾಕ್ಟರಮ್ಮ ಬೆರಗಾಗಿ ಅವಳ ಮುಖ ನೋಡಿದರು. "ಹೌದಮ್ಮ, ಸರಿಯಾಗಿ ಹೇಳಿದೆ."

"ಮ್ಯಾಲ ನೀರು ಕಮ್ಮಿ ಅಂತ ಓಣಿಗೆ ಬಿಡಾದೂ ಕಮ್ಮಿ ಮಾಡ್ತಾನ. ಅದಕ್ಕ ಇಕಿ ಯಾವಾಗ ನೋಡಿದ್ರೂ ಮಲಗಿರ್ತಾಳ, ನಾಕು ಹೆಜ್ಜಿ ನಡದ್ರ ತೇಕತಾಳ."

"ಅದೂ ಹೌದು. ಮೈ ಖರ್ಚನ್ನೇ ಕಡಿಮೆ ಮಾಡಿಬಿಟ್ಟಿದೆ. ಅದಕ್ಕೇ ನೀನು ಅರ್ಧ ಊಟ ಕೊಟ್ಟರೂ ತೂಕ ಇಳಿಯಲ್ಲ. ಇದು ಆಸೆ ಅಲ್ಲ, ಕೆಟ್ಟ ಬುದ್ಧಿ ಅಲ್ಲ. ಅವಳಿಗೆ ನಿಜವಾಗಲೂ ಹಸಿವು, ಮೂರು ದಿನ ಊಟ ಬಿಟ್ಟವರಿಗೆ ಆಗೋ ಹಸಿವು. ಉಂಡ ಮೇಲೂ ಅದೇ ಹಸಿವು."

ದ್ಯಾಮಕ್ಕ ಪೊರಕೆ ಹಿಡಿದಿದ್ದ ತನ್ನ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಆಮೇಲೆ ಕೇಳಿದಳು, "ಆ ಹಗ್ಗ ಒಂದು ಬಿಡಿಸಿಕೊಡ್ರಿ ಡಾಕ್ಟ್ರ. ಏನ ಬೇಕಾದ್ರೂ ಮಾಡ್ತೀನಿ."

"ಆಗಲ್ಲಮ್ಮ," ಅಂದರು ಅವರು.

ಅವತ್ತೇ ಅವರು ಮಾತ್ರೆಗಳ ವಿಷಯ ಇನ್ನೊಮ್ಮೆ ಹೇಳಿದ್ದರು. ಮೂರು ಬಗೆ ಇದ್ದವು. ಅದರಲ್ಲಿ ಸಣ್ಣ ಬಿಳಿ ಮಾತ್ರೆಯನ್ನು ಎತ್ತಿ ತೋರಿಸಿ, ಇದನ್ನು ನಮ್ಮ ಮೈ ತಾನೇ ತಯಾರಿಸಿಕೊಳ್ಳುತ್ತದೆ, ಇವಳ ಮೈಗೆ ಆಗುವುದಿಲ್ಲ, ಆದ್ದರಿಂದ ಒಂದು ದಿನವೂ ತಪ್ಪಬಾರದು ಎಂದರು. ನಾನು ಕಿವಿಯಾರೆ ಕೇಳಿದ್ದೇನೆ. ಓದಿದವಳೆಂದು ಜೊತೆಗೆ ಹೋದವಳು ನಾನೇ ತಾನೆ.

ಅಲ್ಲಿಂದ ನಾಲ್ಕೈದು ವರ್ಷ ದ್ಯಾಮಕ್ಕ ಬದುಕಿದ್ದನ್ನು ಬದುಕು ಅನ್ನಬೇಕೋ ಬೇಡವೋ ನನಗೆ ತಿಳಿಯದು. ಅಕ್ಕಿ, ಬೆಲ್ಲ, ರೊಟ್ಟಿ, ಹಿಂಡಿ ಎಲ್ಲವೂ ಕಬ್ಬಿಣದ ಪೆಟ್ಟಿಗೆಯಲ್ಲಿ, ಬೀಗದ ಕೈ ಅವಳ ಸೆರಗಿನ ತುದಿಯಲ್ಲಿ. ಮಗಳಿಗೆ ಅಳತೆ ಮಾಡಿ ಹೊತ್ತಿಗೆ ಒಂದೂವರೆ ರೊಟ್ಟಿ, ಪಲ್ಯ, ಮಜ್ಜಿಗೆ. ಮಗಳೆದುರು ತಾನು ಉಣ್ಣುತ್ತಿರಲಿಲ್ಲ. "ಆಕಿ ಕಣ್ಣು ನನ್ನ ತುತ್ತಿನ ಹಿಂದ ಬಾಯಿ ತನಕ ಬರ್ತಾವ ಅಕ್ಕಾ, ಹೆಂಗ ನುಂಗ್ಲಿ?" ಎಂದು ನನ್ನ ಹತ್ತಿರ ಹೇಳಿದ್ದಳು. ಪಂಪಿನ ಮನೆಯಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಕೂತು ಒಂದು ರೊಟ್ಟಿಯನ್ನು ಖಾರದ ಜೊತೆ ಮುರಿದು ತಿನ್ನುತ್ತಿದ್ದಳು. ಒಮ್ಮೊಮ್ಮೆ ಅದನ್ನೂ ಮರೆಯುತ್ತಿದ್ದಳು. ಒಂದು ದಿನ ಇಬ್ಬರನ್ನೂ ನಮ್ಮ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಹದಿನೈದರ ಮಗಳು ತೊಂಬತ್ತನಾಲ್ಕು ಕೆಜಿ, ತಾಯಿ ಮೂವತ್ತೊಂಬತ್ತು. ಮಗಳ ಹಸಿವು ಆರುತ್ತಿರಲಿಲ್ಲ, ತಾಯಿಯ ಹಸಿವು ಸತ್ತೇ ಹೋಗಿತ್ತು.

ಊರಿನ ಬಾಯಿಗೆ ಬೀಗ ಎಲ್ಲಿಂದ ತರೋಣ? ತಾಯಿ ಮಗಳನ್ನು ಉಪವಾಸ ಕೆಡವುತ್ತಾಳೆ ಎಂದು ಕೆಲವರು. ತಾಯಿಯೇ ತಿನ್ನಿಸಿ ತಿನ್ನಿಸಿ ಹೀಗೆ ಮಾಡಿದಳು ಎಂದು ಇನ್ನು ಕೆಲವರು. ಇಬ್ಬರೂ ಸೇರಿ, "ಆ ಬಿಳಿ ಮಾತ್ರಿ ತಿಂದೇ ಊದ್ಯಾಳ, ನಿಲ್ಸಿ ನೋಡು ದ್ಯಾಮಕ್ಕ" ಅನ್ನುತ್ತಿದ್ದರು. ದ್ಯಾಮಕ್ಕ ನಿಲ್ಲಿಸಲಿಲ್ಲ. ಬೆಳಿಗ್ಗೆ ಮೋಟಾರು ಹಾಕುವ ಮುಂಚೆ ಒಂದು, ಮಧ್ಯಾಹ್ನ ಅರ್ಧ, ಸಂಜೆ ಅರ್ಧ, ಗಡಿಯಾರ ನೋಡಿ ಕೊಡುತ್ತಿದ್ದಳು. ಆದರೆ ಜನ ದಿನವೂ ಆಡಿದ ಮಾತು ಎಲ್ಲೋ ಒಂದು ಮೂಲೆಯಲ್ಲಿ ಕೂತಿರುತ್ತದೆ. ಅವಳಲ್ಲೂ ಕೂತಿತ್ತು, ನನ್ನಲ್ಲೂ.

ಮಾತ್ರೆ ಆಸ್ಪತ್ರೆಯಿಂದಲೇ ಮೂರು ತಿಂಗಳಿಗೊಮ್ಮೆ ತರುತ್ತಿದ್ದೆವು. ಕಳೆದ ಸಲ ನಾಲ್ಕನೇ ತಾರೀಕಿಗೆ ಹೋಗಬೇಕಿತ್ತು. ಎರಡು ದಿನ ಮುಂಚೆ ಮೊಬೈಲಿಗೆ ಸಂದೇಶ ಬಂತು, ತಾರೀಕು ಇಪ್ಪತ್ತೈದಕ್ಕೆ ಹೋಗಿದೆ ಎಂದು. ಬೇರೆ ಎರಡು ಬಗೆಯ ಮಾತ್ರೆ ಇನ್ನೂ ಇದ್ದವು. ಬಿಳಿ ಮಾತ್ರೆ ಮೂರನೇ ತಾರೀಕಿನ ಸಂಜೆಗೆ ಮುಗಿದವು. ಮರುದಿನ ನಾವಿಬ್ಬರೂ ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋದೆವು. ಮೆಡಿಕಲ್ ಅಂಗಡಿಯ ಅಬ್ದುಲ್ ವಹಾಬ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದ.

"ಇದನ್ನ ನಮ್ಮ ಕಡಿ ಯಾರೂ ಕೇಳಂಗಿಲ್ಲ ಟೀಚರಮ್ಮ. ಹೊರಗಿಂದ ತರಸಬೇಕು, ಎರಡು ದಿನ ಆಗ್ತೈತಿ. ಆರ್ಡರ್ ಹಾಕ್ಲೇನ್ರಿ?"

"ತಡಿ ಭಾಯ್, ಆಸ್ಪತ್ರಿಗೆ ಒಂದು ಮಾತು ಕೇಳಿ ಹೇಳ್ತೀವಿ" ಅಂದೆ. ಹಾಗಂದವಳು ನಾನು. ಸುಮ್ಮನೆ ಹಾಕು ಅಂದಿದ್ದರೆ ಮುಗಿಯುತ್ತಿತ್ತು. ಇಲ್ಲ, ಎಲ್ಲದರಲ್ಲೂ ನನ್ನ ಶಾಣ್ಯಾತನ ನಡೆಯಬೇಕು.

ಅಂಗಡಿಯ ಕಟ್ಟೆಯ ಮೇಲೆ ಕೂತು ಫೋನು ಹಚ್ಚಿದೆವು. ಮೂರನೇ ಸಲಕ್ಕೆ ಹತ್ತಿತು. ಬಸ್ಸುಗಳ ಗದ್ದಲಕ್ಕೆ ನಾನು ಸ್ಪೀಕರ್ ಹಾಕಿ ದ್ಯಾಮಕ್ಕನ ಬಾಯಿಯ ಹತ್ತಿರ ಹಿಡಿದೆ. ಆ ಕಡೆ ಒಬ್ಬಳು ನರ್ಸ್. ಹೊಸಬಳಿರಬೇಕು. ಎಳೆಯ ದನಿ, ಪುಸ್ತಕದಲ್ಲಿ ಬರೆದಂಥ ಕನ್ನಡ, ಯಾವ ಸೀಮೆಯವಳೋ. ಹೆಸರು, ನಂಬರು ಎಲ್ಲ ಕೇಳಿದಳು.

"ಹೌದಮ್ಮ, ಇಪ್ಪತ್ತೈದಕ್ಕೇ ಬರಬೇಕು. ಅಲ್ಲಿಯವರೆಗೆ ಮಾತ್ರೆ ಇದೆ ತಾನೆ?"

"ಅದನ್ನ ಕೇಳಾಕ ಮಾಡಿದ್ವಿ ಮೇಡಂ. ಬಿಳಿ ಮಾತ್ರಿ ಹೆಚ್ಚ್ಯಾವ್ರಿ."

"ಬಿಳಿ ಮಾತ್ರೆ ಹೆಚ್ಚಿದೆಯಾ?"

"ಹೌದ್ರಿ, ಹೆಚ್ಚ್ಯಾವ್ರಿ."

"ಹಾಗಾದರೆ ಏನೂ ತೊಂದರೆ ಇಲ್ಲಮ್ಮ. ಗಾಬರಿಯಾಗಬೇಡಿ. ಇಪ್ಪತ್ತೈದಕ್ಕೆ ಬನ್ನಿ."

ಫೋನು ಇಟ್ಟಳು. ದ್ಯಾಮಕ್ಕ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಮುಗಿದಿದ್ದರೂ ತೊಂದರೆ ಇಲ್ಲವಂತೆ! ದೊಡ್ಡ ಆಸ್ಪತ್ರೆಯವರೇ ಹೇಳಿದ ಮೇಲೆ ಇನ್ನೇನು? ಒಂದು ದಿನವೂ ತಪ್ಪಬಾರದು ಎಂಬ ಡಾಕ್ಟರಮ್ಮನ ಮಾತು ನನಗೆ ನೆನಪಾಗಲಿಲ್ಲವೆಂದರೆ ಸುಳ್ಳು. ನೆನಪಾಯಿತು. ಅದು ಮೊದಲಿನ ಮಾತು, ಈಗ ಬಿಟ್ಟರೂ ನಡೆಯುತ್ತದೇನೋ ಅಂದುಕೊಂಡೆ. ಆ ಮಾತ್ರೆ ಬಿಟ್ಟರೆ ಹುಡುಗಿ ಇಳಿಯಬಹುದು ಎಂಬ ಆಸೆಯೂ ಒಳಗೆ ಇತ್ತು. ವಹಾಬನಿಗೆ, "ಆರ್ಡರ್ ಬ್ಯಾಡ ಭಾಯ್" ಎಂದು ಹೇಳಿ ಬಂದೆವು.

ನಾಲ್ಕನೇ ದಿನ ಸಂಜೆ ದ್ಯಾಮಕ್ಕ ನಮ್ಮ ಬಾಗಿಲಲ್ಲಿ ನಿಂತು, "ಲೀಲಕ್ಕಾ, ಬಾ ಇಲ್ಲಿ, ಬಡಬಡ ಬಾ" ಎಂದು ಕರೆದಳು. ನಾನು ಏನಾಯಿತೋ ಎಂದು ಓಡಿದೆ. ಮೈಲವ್ವ ಗೋಡೆಗೆ ಒರಗಿ ಕೂತಿದ್ದಳು. ಮುಂದೆ ತಟ್ಟೆ. ತಟ್ಟೆಯಲ್ಲಿ ಒಂದು ರೊಟ್ಟಿ ಹಾಗೇ ಇತ್ತು.

"ಹೇಳವ್ವಾ, ಟೀಚರ್ ಮುಂದ ಇನ್ನೊಮ್ಮಿ ಹೇಳು," ಅಂದಳು ದ್ಯಾಮಕ್ಕ.

ಮೈಲವ್ವ ದಣಿದ ದನಿಯಲ್ಲಿ, "ಸಾಕು," ಅಂದಳು.

ಆರು ವರ್ಷದಲ್ಲಿ ಆ ಹುಡುಗಿಯ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಹೋಗಿ ಅಂಗನವಾಡಿಯ ತೂಕದ ಯಂತ್ರ ಹೊತ್ತು ತಂದೆ. ಇಬ್ಬರೂ ತೋಳು ಹಿಡಿದು ನಿಲ್ಲಿಸಿದೆವು. ತೊಂಬತ್ತೊಂದೂವರೆ! ಹಿಂದಿನ ವಾರ ತೂಗಿದ್ದಕ್ಕಿಂತ ಎರಡೂವರೆ ಕೆಜಿ ಕಡಿಮೆ! ಔಷಧದಿಂದ ಆಗದ್ದು, ಅರೆಹೊಟ್ಟೆಯಿಂದ ಆಗದ್ದು, ನಾಲ್ಕು ದಿನದಲ್ಲಿ ಆಗಿಬಿಟ್ಟಿತು. "ಆ ಸುಡುಗಾಡು ಮಾತ್ರಿದೇ ಎಲ್ಲಾ ಆಟ ನೋಡು!" ಎಂದು ನಾನೇ ಕುಣಿದೆ. ಬೆಳಿಗ್ಗೆ ಒಂದು ಸಲ ವಾಂತಿ ಆಗಿದೆ ಎಂದು ದ್ಯಾಮಕ್ಕ ಹೇಳಿದಳು. ಪಿತ್ತ ಇದ್ದೀತು ಬಿಡು ಅಂದೆ.

ದ್ಯಾಮಕ್ಕ ಸೆರಗಿನ ಗಂಟು ಬಿಚ್ಚಿ ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದಳು. ಬೀಗವನ್ನೂ ಬೀಗದ ಕೈಯನ್ನೂ ಗೋಡೆಯ ಮಾಡದೊಳಗೆ ಇಟ್ಟುಬಿಟ್ಟಳು. ಮೈಲಾರಕ್ಕೆ ಕೈ ಮುಗಿದು ಇನ್ನೊಂದು ದೋಣಿ ಬೇಡಿಕೊಂಡಳು. ಆಮೇಲೆ ಮಗಳೆದುರೇ ತಟ್ಟೆ ಇಟ್ಟುಕೊಂಡು ಕೂತಳು. ಮೂರು ರೊಟ್ಟಿ ಉಂಡಳು, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು. ಅವಳು ಹಾಗೆ ಉಣ್ಣುವುದನ್ನು ನಾನು ಗಾದಿಲಿಂಗ ಹೋದ ಮೇಲೆ ನೋಡಿರಲಿಲ್ಲ. ಮೈಲವ್ವ ಅವ್ವನ ತುತ್ತನ್ನು ನೋಡುತ್ತಿದ್ದಳು, ಆದರೆ ಆ ಕಣ್ಣಲ್ಲಿ ಹಸಿವಿರಲಿಲ್ಲ.

"ಇನ್ನೊಂದು ಹಾಕ್ಕ್ಯಾ ಅವ್ವಾ," ಅಂದಳು.

ಬೆಳಿಗ್ಗೆ ಆರಕ್ಕೆ ದ್ಯಾಮಕ್ಕ ಮೋಟಾರು ಹಾಕಿ ಬಂದು ಎಬ್ಬಿಸಿದರೆ ಮೈಲವ್ವ ಏಳಲಿಲ್ಲ. ಮೈ ತಣ್ಣಗೆ ಬೆವತಿತ್ತು. ಕಣ್ಣು ಅರ್ಧ ತೆರೆದಿದ್ದವು, ಕರೆದರೆ ಹೂಂ ಅನ್ನುತ್ತಿದ್ದಳು. ಯೂನುಸನ ಟಂಟಂ ಆಟೋದಲ್ಲಿ ನಾಲ್ವರು ಎತ್ತಿ ಮಲಗಿಸಿ ಹಗರಿಬೊಮ್ಮನಹಳ್ಳಿಗೆ ಒಯ್ದೆವು. ಆಸ್ಪತ್ರೆಯಲ್ಲಿ ಇದ್ದವನು ಎಳೆಯ ಡಾಕ್ಟರು, ಬೇರೆ ಕಡೆಯಿಂದ ಬಂದವನು. ನಾನು ಹಳೆಯ ಕಾಗದಗಳನ್ನೆಲ್ಲ ಅವನ ಮುಂದೆ ಸುರಿದೆ. ಓದಿದವನೇ ಸೂಜಿಗೆ ಕೂಗಿದ. ಬಾಟಲಿ ಹಚ್ಚುತ್ತಲೇ ಕೇಳಿದ, "ಈ ಮಾತ್ರೆ ಕೊಡ್ತಿದ್ದೀರಾ? ತಪ್ಪಿಸಿಲ್ಲ ತಾನೆ?"

"ಹೆಚ್ಚಿ ಐದು ದಿನಾತ್ರಿ," ಅಂದಳು ದ್ಯಾಮಕ್ಕ.

"ಹೆಚ್ಚಾಗಿ ಕೊಟ್ರಾ? ಎಷ್ಟು ಕೊಟ್ರಿ?"

ಆಗ ಆ ಮಾತು ನನಗೆ ಮೊದಲ ಸಲ ಕೇಳಿಸಿತು. ಹುಟ್ಟಿದಾಗಿನಿಂದ ಆಡಿದ ಮಾತು, ಅವ್ವ ಆಡಿದ್ದು, ಅಜ್ಜಿ ಆಡಿದ್ದು. ಕಟ್ಟೆಯ ಮೇಲೆ ಕೂತು ಫೋನು ಹಿಡಿದಿದ್ದ ನನ್ನ ಈ ಕೈಗೆ ಅವತ್ತೇ ಸಿಡಿಲು ಬಡಿಯಬಾರದಿತ್ತೇ?

"ಮುಗದಾವ್ರಿ! ಐದು ದಿನದಿಂದ ಮಾತ್ರಿ ಇಲ್ಲ!" ಎಂದು ನಾನು ಕಿರುಚಿದೆ.

ಅವನು ಇನ್ನು ಕೇಳಲಿಲ್ಲ. ಅವನ ಕೈಲಾದದ್ದನ್ನೆಲ್ಲ ಮಾಡಿದ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಒಂಬತ್ತೂವರೆಗೆ ಮೈಲವ್ವ ಹೋ‌ದಳು. ಆಮೇಲೆ ಅವನು ನನ್ನೊಬ್ಬಳನ್ನೇ ಹೊರಗೆ ಕರೆದು ತಿಳಿಸಿದ. ಆ ಮಾತ್ರೆ ನಿಂತರೆ ಮೊದಲು ಹೋಗುವುದು ಕಸುವು ಮತ್ತು ಹಸಿವು, ಮೈಯ ನೀರು ಉಪ್ಪು ಇಳಿದುಹೋಗುತ್ತವೆ, ಅದಕ್ಕೇ ತೂಕ ಕಡಿಮೆಯಾದದ್ದು, ವಾಂತಿ ಅದರದೇ ಗುರುತು ಎಂದ. ನಾವು ಹಬ್ಬ ಮಾಡಿದ್ದು ಅದನ್ನು ನೋಡಿಕೊಂಡು.

ದ್ಯಾಮಕ್ಕನಿಗೆ ನಾನು ಹೇಳಲಿಲ್ಲ. ಮಣ್ಣು ಮಾಡಿ ಬಂದ ದಿನ ಅವಳು, "ಸಾಕು ಅಂದು ಹೋದ್ಳು ಅಕ್ಕಾ, ಹೊಟ್ಟಿ ತುಂಬಿ ಹೋದ್ಳು, ಅದೊಂದು ಪುಣ್ಯ" ಎಂದು ನನ್ನ ತೊಡೆಯ ಮೇಲೆ ತಲೆ ಇಟ್ಟಳು. ಬಾಯಿಬಡಕಿ ಎಂದು ಹೆಸರಾದ ನಾನು ಹೂಂ ಅಂದೆ. ಅಷ್ಟಾದರೂ ಅವಳಿಗೆ ಉಳಿಯಲಿ ಅಂದುಕೊಂಡೆ. ಹದಿಮೂರನೇ ದಿನಕ್ಕೆ ಅವಳು ಮತ್ತೆ ನೀರಿನ ಕೆಲಸಕ್ಕೆ ಬಂದಳು.

ಮೊನ್ನೆ ಬೆಳಿಗ್ಗೆ ನಮ್ಮ ಓಣಿಯ ವಾಲ್ವ್ ಗುಂಡಿಯ ಹತ್ತಿರ ಕೂತಿದ್ದಳು. ನಾನು ಕೊಡ ಹಿಡಿದು ನಿಂತಿದ್ದೆ. ಕಬ್ಬಿಣದ ಕೀಲಿ ಇಳಿಬಿಟ್ಟು ತಿರುವುತ್ತ, ಸುಮ್ಮನೆ ಮಾತಿಗೆಂಬಂತೆ ಕೇಳಿದಳು.

"ಅಕ್ಕಾ, ಆ ಹುಡುಗ ಡಾಕ್ಟ್ರು ಯಾಕ ಹಂಗ ಕೇಳಿದ್ರು, ಹೆಚ್ಚಾಗಿ ಕೊಟ್ರಾ ಅಂತ?"

ಅಷ್ಟು ದಿನ ಬಿಗಿಹಿಡಿದ ಬಾಯಿ ಆ ಗಳಿಗೆಯಲ್ಲಿ ಜಾರಿತು. "ಬ್ಯಾರೆ ಕಡಿಯಾವ ಅವ. ನಮ್ಮ ಮಾತು ತಿಳಿಲಿಲ್ಲ, ಹೆಚ್ಚು ಅಂದ್ರ ಜಾಸ್ತಿ ಅನ್ಕಂಡ."

ಕೀಲಿ ತಿರುವುತ್ತಿದ್ದ ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ.

"ಫೋನಿನ್ಯಾಗ ಮಾತಾಡಿದಾಕಿ?"

ನಾನು ಕೊಡವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

"ಆಕಿನೂ ಬ್ಯಾರೆ ಕಡಿಯಾಕಿನಾ ಅಕ್ಕಾ?"

ನನ್ನ ಕೈಯಿಂದ ಕೊಡ ಜಾರಿ ಕಲ್ಲಿಗೆ ಬಡಿಯಿತು. ಅವಳು ಆ ಸದ್ದಿಗೂ ತಿರುಗಲಿಲ್ಲ. ಆಮೇಲೆ ಅರ್ಧ ತೆರೆದ ವಾಲ್ವನ್ನು ಹಿಂದಕ್ಕೆ ತಿರುವಿ ಬಂದ್ ಮಾಡಿದಳು. ಕೀಲಿ ಹೆಗಲಿಗಿಟ್ಟು ಎದ್ದಳು.

ಓಣಿಯ ತುದಿಯಿಂದ ಗೀತಮ್ಮ ಎರಡು ಕೊಡ ಹೊತ್ತು ಬರುತ್ತ ಕೂಗಿದಳು, "ದ್ಯಾಮಕ್ಕಾ, ನೀರು ಬಿಟ್ಯಾ?"

"ಇಲ್ಲ," ಅಂದಳು ದ್ಯಾಮಕ್ಕ.